ಗುಣವಾಯಿತು ಎಂದ ಮೇಲೆ

ಬೆನ್ಸನ್ ಟೌನಿನ ಆಸುಪಾಸಿನಲ್ಲಿ ವಾಸಿಸುವ ನಮ್ಮಂಥವರಿಗೆ ಭಾನುವಾರವೆಂದರೆ ಮೂರು ಭಾಷೆಗಳ ದಿನ. ಒಂದು ಪೂಜೆ ಇಂಗ್ಲಿಷಿನಲ್ಲಿ, ಒಂದು ತಮಿಳಿನಲ್ಲಿ, ಒಂದು ಕನ್ನಡದಲ್ಲಿ. ಅದರ ಬೆನ್ನಿಗೇ ಚರ್ಚಿನ ಹಿಂಬದಿಯ ಕೊಠಡಿಗಳಲ್ಲಿ ಮೂರೂ ಭಾಷೆಗಳ ಜ್ಞಾನೋಪದೇಶ ತರಗತಿಗಳು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಕನ್ನಡ ತರಗತಿಯ ಉಪದೇಶಿಯಾಗಿದ್ದೇನೆ. ಈ ತರಗತಿಗೆ ಬರುವ ಮಕ್ಕಳ ಸಂಖ್ಯೆ ಚಿಕ್ಕದು. ಆದ್ದರಿಂದ ಒಬ್ಬೊಬ್ಬರ ಮುಖವೂ ಹೆಸರೂ ಮನೆಯ ಸ್ಥಿತಿಗತಿಯೂ ನನಗೆ ಚೆನ್ನಾಗಿ ಗೊತ್ತು ಎಂದು ನಾನು ಭಾವಿಸಿಕೊಂಡಿದ್ದೆ.

ಅವರಲ್ಲಿ ಒಬ್ಬ ಹುಡುಗ ಏಳು ವರ್ಷದವನಾಗಿದ್ದಾಗ ಎಲ್ಲರಿಗಿಂತ ಮುಂದಿದ್ದ. ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಅವನ ಕೈ ಮೇಲೇಳುತ್ತಿತ್ತು. ಎಂಟಕ್ಕೆ ಕಾಲಿಟ್ಟ ವರ್ಷ ಬೆಳಗಿನ ಹೊತ್ತು ತಲೆನೋವು, ವಾಂತಿ, ನಡೆಯುವಾಗ ಒಂದು ಬಗೆಯ ಓಲಾಟ ಕಾಣಿಸಿಕೊಂಡವು. ಮೊದಲು ಹೊಟ್ಟೆಹುಳುವಿನ ಔಷಧ, ಆಮೇಲೆ ಕನ್ನಡಕ, ಕಡೆಗೆ ಸ್ಕ್ಯಾನ್. ಮಿದುಳಿನ ಹಿಂಭಾಗದಲ್ಲಿ ಗೆಡ್ಡೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆರು ವಾರ ವಿಕಿರಣ ಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಕೀಮೋಥೆರಪಿಯಾಯಿತು. ಇಡೀ ಧರ್ಮಕೇಂದ್ರ ಆ ಮನೆಯಲ್ಲಿ ಸರದಿಯಂತೆ ಜಪಸರ ಹೇಳಿತು. ಒಂದೂವರೆ ವರ್ಷದ ನಂತರ ಕೃತಜ್ಞತಾ ಬಲಿಪೂಜೆ ನಡೆಯಿತು. 'ಗುಣವಾಯಿತು' ಎಂದು ಗುರುಗಳು ಪ್ರಕಟಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೊರಗೆ ಅಂಗಳದಲ್ಲಿ ಅವನ ತಂದೆ ಎಲ್ಲರಿಗೂ ಲಡ್ಡು ಹಂಚಿದರು.

ಅದಾಗಿ ಎರಡು ವರ್ಷಗಳ ಮೇಲೆ ಒಂದು ಭಾನುವಾರ ಏಳು ಸಂಸ್ಕಾರಗಳ ಹೆಸರು ಹೇಳುವಂತೆ ನಾನು ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಅವನು ಸುಮ್ಮನೆ ನಿಂತ. ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನಷ್ಟು ಬೇಗ ಬೇಗ ಕೇಳಿದೆ. ಆಗಲೂ ಸುಮ್ಮನಿದ್ದ. ಪಕ್ಕದವಳು ಪಟಪಟನೆ ಹೇಳಿಬಿಟ್ಟಳು. ನಾನು ಎಲ್ಲರೆದುರಿಗೆ, "ಮೊದಲೆಲ್ಲ ಎಷ್ಟು ಚುರುಕಾಗಿದ್ದೆ, ಈಗ ಸೋಮಾರಿಯಾಗಿಬಿಟ್ಟೆ. ದೇವರು ನಿನ್ನನ್ನು ಉಳಿಸಿದ್ದು ಇದಕ್ಕೇನಾ?" ಎಂದೆ. ಅವನು ಕುಳಿತುಕೊಂಡ. ತರಗತಿ ಮುಗಿದು ಮಕ್ಕಳೆಲ್ಲ ಓಡಿಹೋದ ಮೇಲೆ ನನ್ನ ಮೇಜಿನ ಬಳಿ ಬಂದು ಏಳು ಸಂಸ್ಕಾರಗಳನ್ನೂ ಕ್ರಮ ತಪ್ಪದೆ ಹೇಳಿದ. ಅಷ್ಟೂ ಹೊತ್ತು ಅವನು ಆ ಒಂದು ಪ್ರಶ್ನೆಯೊಂದಿಗೇ ಇದ್ದನೆಂದು ಕಾಣುತ್ತದೆ.

ಮರುವಾರ ಅವನ ತಾಯಿ ಬಂದರು. ಜಗಳಕ್ಕಲ್ಲ. ಕೈಯಲ್ಲಿ ಮನಶ್ಶಾಸ್ತ್ರಜ್ಞರೊಬ್ಬರ ವರದಿಯಿತ್ತು. "ಸರ್, ಅವನು ಸೋಮಾರಿಯಲ್ಲ. ನಮಗೂ ಈಗಲೇ ತಿಳಿದದ್ದು. ಡಾಕ್ಟರು ಮೊದಲೇ ಹೇಳಿದ್ದರೋ ಏನೋ, ಆವತ್ತು ಮಗು ಉಳಿಯುತ್ತೆ ಅನ್ನುವುದೊಂದೇ ನಮ್ಮ ಕಿವಿಗೆ ಬಿದ್ದದ್ದು" ಎಂದರು. ನಾನು ಆ ವರದಿಯನ್ನು ಓದಿದೆ. ಅರ್ಥವಾಗದ ಪದಗಳನ್ನು ಬಲ್ಲವರಲ್ಲಿ ಕೇಳಿ ತಿಳಿದುಕೊಂಡೆ, ಸಿಕ್ಕಿದ್ದನ್ನೆಲ್ಲ ಓದಿದೆ. ಈ ಲೇಖನ ಆ ಓದಿನ ಫಲ. ಆ ಭಾನುವಾರದ ನನ್ನ ಮಾತಿನ ಪ್ರಾಯಶ್ಚಿತ್ತವೂ ಹೌದು.

ಆ ಗೆಡ್ಡೆಯ ಹೆಸರು ಮೆಡ್ಯುಲೋಬ್ಲಾಸ್ಟೋಮ. ಮಕ್ಕಳಿಗೆ ಬರುವ ಮಾರಕ ಮಿದುಳು ಗೆಡ್ಡೆಗಳಲ್ಲಿ ಇದೇ ಅತಿ ಸಾಮಾನ್ಯವಾದುದು. ನಮ್ಮ ದೇಹದ ಸಮತೋಲವನ್ನು ಕಾಯುವ ಕಿರುಮಿದುಳಿನಲ್ಲಿ ಇದು ಹುಟ್ಟುತ್ತದೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಮತ್ತು ಅವರ ಸಹೋದ್ಯೋಗಿ ಪರ್ಸಿವಲ್ ಬೈಲಿ 1925ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದರು. ಆ ಕಾಲದಲ್ಲಿ ಗೆಡ್ಡೆಯನ್ನು ಕತ್ತರಿಸಿ ತೆಗೆದರೂ ಮಗು ಉಳಿಯುವುದು ಅಪರೂಪವಾಗಿತ್ತು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು ಹರಿಯುವ ದ್ರವದಲ್ಲಿ ಗೆಡ್ಡೆಯ ಕಣಗಳು ತೇಲಿಹೋಗಿ ಬೇರೊಂದೆಡೆ ಬೇರೂರುತ್ತಿದ್ದವು. ಮ್ಯಾಂಚೆಸ್ಟರಿನ ವೈದ್ಯೆ ಎಡಿತ್ ಪ್ಯಾಟರ್ಸನ್ ತಮ್ಮ ಸಹೋದ್ಯೋಗಿ ಫಾರ್ ಅವರೊಂದಿಗೆ 1953ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಕಥೆಯನ್ನು ಬದಲಿಸಿತು. ಗೆಡ್ಡೆಯಿದ್ದ ಜಾಗಕ್ಕೆ ಮಾತ್ರವಲ್ಲದೆ ಇಡೀ ಮಿದುಳಿಗೂ ಇಡೀ ಬೆನ್ನುಹುರಿಗೂ ವಿಕಿರಣವನ್ನು ಹಾಯಿಸಿದರೆ ಮಕ್ಕಳು ಬದುಕುತ್ತಾರೆ ಎಂದು ಅವರು ತೋರಿಸಿದರು. ಇಂದು ಒಳ್ಳೆಯ ಚಿಕಿತ್ಸಾಲಯಗಳಲ್ಲಿ ಕಡಿಮೆ ಅಪಾಯದ ಗುಂಪಿಗೆ ಸೇರಿದ ಐವರು ಮಕ್ಕಳಲ್ಲಿ ಸುಮಾರು ನಾಲ್ವರು ಐದು ವರ್ಷ ದಾಟಿ ಬದುಕುತ್ತಾರೆ. ನೂರು ವರ್ಷಗಳ ಹಿಂದಿನ ಸ್ಥಿತಿಯನ್ನು ನೆನೆದರೆ ಇದು ಸಾಮಾನ್ಯ ಸಂಗತಿಯಲ್ಲ.

ಆ ಚಿಕಿತ್ಸೆ ನಡೆಯುವ ಬಗೆಯನ್ನು ಆ ತಾಯಿಯೇ ನನಗೆ ವಿವರಿಸಿದರು. ಶನಿವಾರ, ಭಾನುವಾರ ಬಿಟ್ಟು ದಿನವೂ ಹೋಗಬೇಕು. ಮುಖದ ಅಚ್ಚಿಗೆ ತಕ್ಕಂತೆ ಮಾಡಿದ ಪ್ಲಾಸ್ಟಿಕ್ ಜಾಲರಿಯ ಮುಖವಾಡದಿಂದ ಮಗುವಿನ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ, ಒಂದು ಕೂದಲೆಳೆಯಷ್ಟೂ ಅಲುಗಬಾರದೆಂದು. ಆಮೇಲೆ ಎಲ್ಲರೂ ಹೊರಗೆ ಬರುತ್ತಾರೆ. ದಪ್ಪನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಮಗುವೊಂದೇ. "ನೋವೇನೂ ಇರಲ್ಲ ಸರ್. ಒಳಗಿಂದ ಅವನು ಹೊರಗೆ ಬಂದಾಗ ಕೆನ್ನೆ ಮೇಲೆ ಜಾಲರಿಯ ಗುರುತು ಇರುತ್ತಿತ್ತು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅದು ಮಾಸಿಹೋಗುತ್ತಿತ್ತು." ಇಂಥ ಬಾಗಿಲುಗಳ ಹೊರಗೆ ಕಾಯುವ ಹೆತ್ತವರನ್ನು ನಮ್ಮ ಬೆಂಗಳೂರಿನಲ್ಲಿ ಯಾವ ದಿನವಾದರೂ ಕಾಣಬಹುದು. ಕಿದ್ವಾಯಿ ಸಂಸ್ಥೆಗೂ ನಿಮ್ಹಾನ್ಸಿಗೂ ರಾಯಚೂರು, ಕಲಬುರಗಿಯಂಥ ದೂರದ ಊರುಗಳಿಂದ ಮಗುವನ್ನೆತ್ತಿಕೊಂಡು ಬಂದವರು ಅವರು. ಆರು ವಾರ ಈ ಊರಿನಲ್ಲಿ ಎಲ್ಲಿ ತಂಗಬೇಕು, ಏನು ತಿನ್ನಬೇಕು ಎಂಬ ಚಿಂತೆಯಲ್ಲಿರುವವರಿಗೆ ಹತ್ತು ವರ್ಷಗಳ ನಂತರದ ಮಾತು ಕಿವಿಗೆ ಬೀಳದಿರುವುದು ಆಶ್ಚರ್ಯವೇನಲ್ಲ.

ಆದರೆ ಆ ಮಾತು ಇದೆ. ಬೆಳೆಯುತ್ತಿರುವ ಮಿದುಳಿಗೆ ವಿಕಿರಣವು ಹಾನಿ ಮಾಡುತ್ತದೆ. ಮಗು ಎಷ್ಟು ಚಿಕ್ಕದೋ ಹಾನಿ ಅಷ್ಟು ಹೆಚ್ಚು. ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳಿಗೆ, ವಿದ್ಯುತ್ ತಂತಿಗೆ ರಬ್ಬರ್ ಹೊದಿಕೆಯಿರುವಂತೆ, ಕೊಬ್ಬಿನಂಶದ ಒಂದು ಬಿಳಿಯ ಹೊದಿಕೆಯಿರುತ್ತದೆ. ಬಾಲ್ಯದುದ್ದಕ್ಕೂ, ಹರೆಯ ದಾಟುವವರೆಗೂ ಈ ಹೊದಿಕೆ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ವಿಕಿರಣವು ಅದನ್ನು ನೇಯುವ ಕೋಶಗಳನ್ನೇ ಘಾಸಿಗೊಳಿಸುತ್ತದೆ. ಪರಿಣಾಮವಾಗಿ ಸಂದೇಶಗಳ ಓಟ ನಿಧಾನವಾಗುತ್ತದೆ. ಮೊದಲು ಸೊರಗುವುದು ಅರ್ಥಮಾಡಿಕೊಳ್ಳುವ ವೇಗ, ಒಂದೇ ಕಡೆ ನಿಲ್ಲುವ ಗಮನ, ಎರಡು ಮೂರು ಸಂಗತಿಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಎಲ್ಲ ದೋಷವನ್ನೂ ವಿಕಿರಣದ ಮೇಲೆಯೇ ಹೊರಿಸುವುದೂ ಸರಿಯಲ್ಲ. ಗೆಡ್ಡೆಯಿಂದ ತಲೆಯೊಳಗೆ ನೀರು ತುಂಬಿ ಉಂಟಾದ ಒತ್ತಡ, ಶಸ್ತ್ರಚಿಕಿತ್ಸೆಯ ಗಾಯ, ಕೆಲವು ಕೀಮೋ ಔಷಧಗಳಿಂದ ಮಂದವಾಗುವ ಕಿವಿ, ಶಾಲೆ ತಪ್ಪಿದ ತಿಂಗಳುಗಳು, ಎಲ್ಲವೂ ಸೇರಿಕೊಳ್ಳುತ್ತವೆ.

ನನ್ನ ಕಣ್ಣು ತೆರೆಸಿದ ಸಂಗತಿ ಬೇರೊಂದು. ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ಸಂಶೋಧಕರು ಇಂಥ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ 2001ರಲ್ಲಿ ಒಂದು ವರದಿ ಪ್ರಕಟಿಸಿದರು. ಮಕ್ಕಳ ಬುದ್ಧ್ಯಂಕ ವರ್ಷಕ್ಕೆ ಸರಾಸರಿ ಎರಡೂವರೆ ಅಂಕಗಳಷ್ಟು ಇಳಿಯುತ್ತಿತ್ತು. ಹಾಗೆಂದರೆ ಮಗು ಕಲಿತದ್ದನ್ನು ಮರೆಯುತ್ತಿದೆ ಎಂದು ಯಾರಾದರೂ ಭಾವಿಸುತ್ತಾರೆ. ಅವರು ಕಂಡದ್ದು ಹಾಗಲ್ಲ. ಮಕ್ಕಳು ಕಲಿಯುತ್ತಲೇ ಇದ್ದರು. ಆದರೆ ಓರಗೆಯ ಆರೋಗ್ಯವಂತ ಮಕ್ಕಳ ಅರ್ಧದಷ್ಟು, ಅಥವಾ ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಕಲಿಯುತ್ತಿದ್ದರು. ನಮ್ಮ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಒಂದು ಮೇಲ್ ಗಾಡಿಯೂ ಒಂದು ಪ್ಯಾಸೆಂಜರ್ ಗಾಡಿಯೂ ಒಟ್ಟಿಗೇ ಹೊರಟವೆಂದು ಭಾವಿಸಿ. ಕೆ.ಆರ್. ಪುರದಲ್ಲಿ ಎರಡರ ನಡುವಿನ ಅಂತರ ಚಿಕ್ಕದು, ವೈಟ್‌ಫೀಲ್ಡಿನಲ್ಲಿ ಇನ್ನಷ್ಟು, ಬಂಗಾರಪೇಟೆಯ ಹೊತ್ತಿಗೆ ಬಹಳ. ಪ್ಯಾಸೆಂಜರ್ ಗಾಡಿ ಒಂದು ಗೇಣೂ ಹಿಂದಕ್ಕೆ ಚಲಿಸಿಲ್ಲ. ಬುದ್ಧ್ಯಂಕವು ಸಮವಯಸ್ಕರೊಡನೆ ಹೋಲಿಸಿ ತೆಗೆಯುವ ಲೆಕ್ಕವಾದ್ದರಿಂದ ಮುಂದಕ್ಕೆ ಹೋಗುತ್ತಿರುವ ಮಗುವೂ ಕಾಗದದ ಮೇಲೆ ಹಿಂದಕ್ಕೆ ಹೋಗುತ್ತಿರುವಂತೆ ಕಾಣುತ್ತದೆ. ಚಿಕಿತ್ಸೆ ಮುಗಿದ ವರ್ಷ ಎಲ್ಲ ಸರಿಯಿದೆ ಎನಿಸುವುದೂ, ಮೂರು ನಾಲ್ಕು ವರ್ಷಗಳ ಮೇಲೆ ಹೆತ್ತವರೂ ಶಿಕ್ಷಕರೂ ಗಾಬರಿಯಾಗುವುದೂ ಇದೇ ಕಾರಣಕ್ಕೆ. ಅಷ್ಟು ಹೊತ್ತಿಗೆ ತಲೆಯ ಮೇಲೆ ಕೂದಲು ಬೆಳೆದಿರುತ್ತದೆ, ಕಾಯಿಲೆಯನ್ನು ಊರು ಮರೆತಿರುತ್ತದೆ, ಸೋಮಾರಿ ಎಂಬ ಪದ ನಮ್ಮ ನಾಲಿಗೆಯ ತುದಿಯಲ್ಲಿರುತ್ತದೆ.

ವೈದ್ಯರು ಇದನ್ನು ಅರಿಯದವರಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಅವರು ನಡೆಸಿದ ಚೌಕಾಸಿಯ ಕಥೆ ಓದಿದರೆ ಅವರ ಮೇಲೆ ಗೌರವ ಹೆಚ್ಚುತ್ತದೆ. ಚೌಕಾಸಿ ಎಂಬ ಪದವನ್ನು ಬೇಕೆಂದೇ ಬಳಸಿದೆ. ಮೂರು ವರ್ಷದೊಳಗಿನ ಕೂಸುಗಳಿಗೆ ವಿಕಿರಣವನ್ನು ಮುಂದೂಡಿ ಮೊದಲು ಕೀಮೋ ಮಾತ್ರ ಕೊಟ್ಟ ಪ್ರಯತ್ನದ ಫಲಿತಾಂಶ 1993ರಲ್ಲಿ ಬಂತು. ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಡೀ ಮಿದುಳಿಗೆ ಕೊಡುತ್ತಿದ್ದ 36 ಗ್ರೇ ಪ್ರಮಾಣವನ್ನು, ಕಡಿಮೆ ಅಪಾಯದ ಮಕ್ಕಳಿಗೆ ಕೀಮೋ ಜೊತೆಗೂಡಿಸಿ 23.4ಕ್ಕೆ ಇಳಿಸಿದರು. ಮಕ್ಕಳು ಉಳಿದರು. ಇನ್ನೂ ಇಳಿಸಬಹುದೇ? ಮೂರರಿಂದ ಏಳು ವರ್ಷದ ಮಕ್ಕಳಲ್ಲಿ 18 ಗ್ರೇ ಸಾಕೇ ಎಂದು ಪರೀಕ್ಷಿಸಿದ ದೊಡ್ಡದೊಂದು ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣ ಪಡೆದ ಮಕ್ಕಳ ಬುದ್ಧಿಶಕ್ತಿ ಹೆಚ್ಚು ಉಳಿದಿತ್ತು. ಆದರೆ ಐದು ವರ್ಷಗಳವರೆಗೆ ರೋಗ ಮರುಕಳಿಸದೆ ಇದ್ದವರು 23.4 ಗ್ರೇ ಪಡೆದವರಲ್ಲಿ ನೂರಕ್ಕೆ ಸುಮಾರು 83 ಮಂದಿಯಾದರೆ, 18 ಪಡೆದವರಲ್ಲಿ ಸುಮಾರು 71 ಮಂದಿ ಮಾತ್ರ. ಆ ವ್ಯತ್ಯಾಸದ ಹನ್ನೆರಡರ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಕಡಿಮೆ ಬೆಲೆಗೆ ಜೀವ ಸಿಗುವುದಿಲ್ಲ ಎಂದು ಯಾರೋ ಅಂಕಿಗಳಲ್ಲಿ ಬರೆದಿಟ್ಟಂತಿತ್ತು.

ಪ್ರಮಾಣ ಇಳಿಸಲಾಗದಿದ್ದರೆ ಗುರಿಯನ್ನು ನಿಖರಗೊಳಿಸಬಹುದಲ್ಲವೇ? ಈ ದಾರಿಯಲ್ಲಿ ನಮ್ಮ ದೇಶದ ಕೊಡುಗೆ ದೊಡ್ಡದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ರಾಕೇಶ್ ಜಲಾಲಿಯವರ ತಂಡ 2001ರಿಂದ 2012ರವರೆಗೆ 200 ಮಂದಿ ಮಕ್ಕಳನ್ನೂ ಎಳೆಯರನ್ನೂ ಸೇರಿಸಿಕೊಂಡು, ಗೆಡ್ಡೆಯ ಆಕಾರಕ್ಕೆ ಹೊಂದಿಸಿದ ನಿಖರ ವಿಕಿರಣವನ್ನು ಹಳೆಯ ವಿಧಾನದೊಡನೆ ಹೋಲಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಿಖರ ವಿಧಾನದವರ ಬುದ್ಧಿಶಕ್ತಿ ಐದು ವರ್ಷಗಳ ನಂತರವೂ ಹೆಚ್ಚು ಚೆನ್ನಾಗಿ ಉಳಿದಿತ್ತು. ಆದರೆ ಅವು ನಿಧಾನವಾಗಿ ಬೆಳೆಯುವ, ಒಂದೇ ಜಾಗದಲ್ಲಿ ನಿಲ್ಲುವ ಗೆಡ್ಡೆಗಳು. ಇಡೀ ಮಿದುಳನ್ನು ಕಾಯಿಸಲೇಬೇಕಾದ ನಮ್ಮ ಹುಡುಗನ ರೋಗಕ್ಕೆ ಆ ಲಾಭ ಪೂರ್ತಿ ದಕ್ಕುವುದಿಲ್ಲ. ಗೆಡ್ಡೆಯ ಆಚೆಗೆ ಕಡಿಮೆ ಹಾನಿ ಮಾಡುವ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈನ ಖಾಸಗಿ ಕೇಂದ್ರವೊಂದಕ್ಕೆ, 2023ರಲ್ಲಿ ಟಾಟಾ ಸಂಸ್ಥೆಯ ಖಾರ್ಘರ್ ಕೇಂದ್ರಕ್ಕೆ ಬಂದಿದೆ. ಅದರ ವೆಚ್ಚದ ಮಾತೆತ್ತಿದಾಗ ಆ ತಾಯಿ ನಕ್ಕುಬಿಟ್ಟರು.

ಈಗ ನೈತಿಕ ಪ್ರಶ್ನೆಗೆ ಬರೋಣ. ಹಾನಿಯಾಗುತ್ತದೆಂದು ತಿಳಿದೂ ತಿಳಿದೂ ಒಂದು ಮಗುವಿನ ಮಿದುಳಿಗೆ ವಿಕಿರಣ ಹಾಯಿಸುವುದು ಸರಿಯೇ? ನಮ್ಮ ನೀತಿಶಾಸ್ತ್ರದಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯ ಪ್ರಶ್ನೆಯನ್ನು ಚರ್ಚಿಸುವಾಗ ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ಅವುಗಳಲ್ಲಿ ಒಂದು ಮಾತ್ರ ಉದ್ದೇಶಿತವಾಗಿರಬಹುದು ಎಂದು ಹೇಳಿದರು. ಅದರಿಂದ ಬೆಳೆದದ್ದೇ ದ್ವಿಪರಿಣಾಮದ ತತ್ವ. ಮಾಡುವ ಕಾರ್ಯ ಒಳ್ಳೆಯದಾಗಿರಬೇಕು, ಕೇಡನ್ನು ಬಯಸಿರಬಾರದು, ಕೇಡಿನ ಮೂಲಕವೇ ಒಳಿತನ್ನು ಪಡೆಯುವಂತಿರಬಾರದು, ಒಳಿತು ಕೇಡಿಗೆ ತಕ್ಕಷ್ಟು ದೊಡ್ಡದಾಗಿರಬೇಕು. ವಿಕಿರಣ ಚಿಕಿತ್ಸೆ ಈ ನಾಲ್ಕೂ ಬಾಗಿಲುಗಳನ್ನು ಸಲೀಸಾಗಿ ದಾಟುತ್ತದೆ. ಮಗು ಬದುಕುವುದೇ ಉದ್ದೇಶ. ಮಂದತೆಯನ್ನು ಯಾರೂ ಬಯಸಲಿಲ್ಲ. ವೈದ್ಯರು ನಿರ್ದೋಷಿಗಳು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ತಂದೆ ನಿರ್ದೋಷಿ. ನಾನಾಗಿದ್ದರೂ ಸಹಿ ಹಾಕುತ್ತಿದ್ದೆ.

ಆದರೂ ಇಲ್ಲಿಗೆ ಮಾತು ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ. ಆ ತತ್ವ ಉತ್ತರಿಸುವುದು 'ಮಾಡಬಹುದೇ' ಎಂಬ ಪ್ರಶ್ನೆಯನ್ನು ಮಾತ್ರ. ಮಾಡಿದ ಮರುದಿನದ ಬಗ್ಗೆ ಅದು ಏನನ್ನೂ ಕೇಳುವುದಿಲ್ಲ. ಒಂದು ಊರಿನ ಕೆರೆ ತುಂಬಿ ಏರಿ ಒಡೆಯುವ ಸ್ಥಿತಿ ಬಂದಿತೆಂದು ಭಾವಿಸೋಣ. ಊರಿನ ಹಿರಿಯರು ಸೇರಿ ಒಂದು ಕಡೆ ಏರಿಯನ್ನು ಕಡಿದು ನೀರು ಬಿಡುತ್ತಾರೆ. ಊರು ಉಳಿಯುತ್ತದೆ, ಕೆಳಗಿದ್ದ ಒಬ್ಬ ರೈತನ ಗದ್ದೆ ಕೊಚ್ಚಿಹೋಗುತ್ತದೆ. ಹಿರಿಯರು ಮಾಡಿದ್ದು ತಪ್ಪಲ್ಲ. ಆದರೆ ಮುಂದಿನ ಸುಗ್ಗಿಯಲ್ಲಿ ಆ ರೈತನ ಮನೆಗೆ ಒಂದು ಚೀಲ ಭತ್ತವನ್ನೂ ಕಳುಹಿಸದೆ, 'ಈ ವರ್ಷ ನಿನ್ನ ಗದ್ದೆಯೇಕೆ ಪಾಳು ಬಿದ್ದಿದೆ, ಸೋಮಾರಿ' ಎಂದು ಅವರು ಕೇಳಿದರೆ? ಸರಿಯಾದ ನಿರ್ಧಾರದಿಂದಲೂ ಋಣ ಹುಟ್ಟುತ್ತದೆ. ಕೇಡನ್ನು ಬಯಸದಿದ್ದರೂ, ಅದು ಬರುತ್ತದೆಂದು ಮೊದಲೇ ಅರಿತು ಮುಂದುವರಿದವನು ಆ ಕೇಡಿನ ಪಾಲಿಗೆ ಹೊರಗಿನವನಲ್ಲ. ನಮ್ಮ ರೈತನಾದರೋ ಊರಿನವನು, ದೊಡ್ಡವನು, ಪಂಚಾಯಿತಿಯಲ್ಲಿ ಮಾತನಾಡಬಲ್ಲವನು. ಇಲ್ಲಿ ಬೆಲೆ ತೆರುವವನು ಎಂಟು ವರ್ಷದ ಮಗು. ಅವನನ್ನು ಯಾರೂ ಕೇಳಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ. ಅವನು ಅದನ್ನು ಒಮ್ಮೆಗೇ ತೆರುವುದಿಲ್ಲ. ಪ್ರತಿ ತರಗತಿಯಲ್ಲಿ, ಪ್ರತಿ ಪರೀಕ್ಷೆಯಲ್ಲಿ, ಕಂತು ಕಂತಾಗಿ, ಒಬ್ಬನೇ ತೆರುತ್ತಾನೆ. ಜಪಸರ ಹೇಳಿ 'ಹೇಗಾದರೂ ಉಳಿಯಲಿ' ಎಂದು ಬೇಡಿದ ನಾವೆಲ್ಲ ಆ 'ಹೇಗಾದರೂ' ಎಂಬ ಪದಕ್ಕೆ ಒಂದು ಬಗೆಯಲ್ಲಿ ಸಹಿ ಹಾಕಿದವರೇ.

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಬೇಗ ಬರುವ ಸಾಂತ್ವನವೊಂದಿದೆ: ಮನುಷ್ಯನ ಬೆಲೆ ಬುದ್ಧಿಯಲ್ಲಿಲ್ಲ. ಮಾತು ನಿಜ. ಆರನೆಯ ಶತಮಾನದ ಆರಂಭದಲ್ಲಿ ಬೊಯೇಥಿಯಸ್ ಎಂಬ ತತ್ವಜ್ಞಾನಿ ವಿವೇಕವೇ ಸ್ವಭಾವವಾಗಿರುವ ಒಂಟಿ ಇರವನ್ನು 'ವ್ಯಕ್ತಿ' ಎಂದು ಕರೆದಾಗ ಅವನು ಹೇಳಿದ್ದು ಸ್ವಭಾವದ ಬಗ್ಗೆ, ವೇಗದ ಬಗ್ಗೆ ಅಲ್ಲ. ನಿಧಾನವಾಗಿ ಯೋಚಿಸುವವನೂ ಯೋಚಿಸುವವನೇ. ಆದರೆ ಈ ಮಾತನ್ನು ಹೇಳುವವರು ಯಾರು, ಯಾವ ಸುಖದಲ್ಲಿ ಕುಳಿತು ಹೇಳುತ್ತಿದ್ದಾರೆ ಎಂದೂ ನೋಡಬೇಕು. ಧರ್ಮಕೇಂದ್ರದ ವಾರ್ಷಿಕೋತ್ಸವದಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ತೊಂಬತ್ತು ಮೀರಿದವರನ್ನು ಮಾತ್ರ ವೇದಿಕೆಗೆ ಕರೆದು ಶಾಲು ಹೊದಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ಅದೇ ವೇದಿಕೆಯಿಂದ ಬುದ್ಧಿಯಲ್ಲಿ ಬೆಲೆಯಿಲ್ಲ ಎಂದರೆ ಮಕ್ಕಳು ನಂಬುವಷ್ಟು ದಡ್ಡರಲ್ಲ. ಅದಲ್ಲದೆ ಈ ಸಾಂತ್ವನವು ಮಗುವಿನ ದುಃಖವನ್ನು ದುಃಖವೆಂದೇ ಒಪ್ಪುವುದಿಲ್ಲ. ಹುಟ್ಟಿನಿಂದ ನಿಧಾನವಾಗಿರುವ ಮಗುವಿಗೂ ಇವನಿಗೂ ಒಂದು ವ್ಯತ್ಯಾಸವಿದೆ. ಒಂದು ದಿನ ಅವನು ನನ್ನನ್ನು, "ಸರ್, ನಾನು ಮೊದಲು ಹೇಗಿದ್ದೆ ನಿಮಗೆ ನೆನಪಿದೆಯಾ?" ಎಂದು ಕೇಳಿದ. ಇದೆ ಎಂದೆ. "ನನಗೂ ನೆನಪಿದೆ" ಎಂದ. ಅದಕ್ಕೆ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಬುದ್ಧ್ಯಂಕ ಎಂಬ ಸಂಖ್ಯೆಯ ಮೇಲೆ ಸಿಟ್ಟಾಗುವುದರಿಂದಲೂ ಪ್ರಯೋಜನವಿಲ್ಲ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ತಮ್ಮ ಪರೀಕ್ಷೆಯನ್ನು ರೂಪಿಸಿದ್ದು ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಹಿಡಿಯಲು, ಯಾರು ಮೇಲು ಯಾರು ಕೀಳು ಎಂದು ಸಾಲು ನಿಲ್ಲಿಸಲು ಅಲ್ಲ. ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದವರು ಧಾರವಾಡದ ವಿ.ವಿ. ಕಾಮತರು. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ಕೇಳಿಬರುತ್ತದೆ. 2004ರಲ್ಲಿ ನಿಮ್ಹಾನ್ಸ್ ಸಂಸ್ಥೆ ಐದರಿಂದ ಹದಿನೈದು ವರ್ಷದ ಮಕ್ಕಳಿಗಾಗಿ ಇನ್ನೂ ಸೂಕ್ಷ್ಮವಾದ ಪರೀಕ್ಷಾಮಾಲೆಯೊಂದನ್ನು ಹೊರತಂದಿತು. ಗಮನ ಎಷ್ಟು, ನೆನಪು ಎಷ್ಟು, ವೇಗ ಎಷ್ಟು ಎಂದು ಅದು ಬಿಡಿಬಿಡಿಯಾಗಿ ತೋರಿಸುತ್ತದೆ. ಇಂಥ ಪರೀಕ್ಷೆ ಚಿಕಿತ್ಸೆಗೆ ಮುನ್ನ ಒಮ್ಮೆ, ಆಮೇಲೆ ವರ್ಷ ಎರಡು ವರ್ಷಕ್ಕೊಮ್ಮೆ ನಡೆದರೆ ಮಗುವಿಗೆ ಯಾವ ಊರುಗೋಲು ಬೇಕೆಂದು ತಿಳಿಯುತ್ತದೆ. ಆ ತಾಯಿ ತಂದ ವರದಿಯಲ್ಲಿ ಹುಡುಗನ ಶಬ್ದಭಂಡಾರ, ತಿಳಿವಳಿಕೆ ಎರಡೂ ವಯಸ್ಸಿಗೆ ತಕ್ಕಂತಿದ್ದವು. ಕೆಳಗಿದ್ದದ್ದು ವೇಗ. ನಾನು ಅವನಲ್ಲಿ ಪರೀಕ್ಷಿಸುತ್ತಿದ್ದದ್ದು ಅದೊಂದನ್ನೇ.

ಹೆತ್ತವರಿಗೆ ಇದನ್ನೆಲ್ಲ ಮೊದಲೇ ಹೇಳಬೇಕೇ ಎಂದು ಕೇಳುವವರಿದ್ದಾರೆ. ಹೇಳಬೇಕೆಂದೇ ನನ್ನ ಅಭಿಪ್ರಾಯ. ಆದರೆ ಒಮ್ಮೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸಹಿ ಹಾಕುವ ದಿನ ಹೇಳಿದ್ದು ಆ ಕಿವಿಗೆ ಬೀಳುವುದಿಲ್ಲ. ಚಿಕಿತ್ಸೆ ಮುಗಿದ ದಿನ, ಶಾಲೆಗೆ ಮರಳುವ ದಿನ, ಹೈಸ್ಕೂಲು ಸೇರುವ ದಿನ ಮತ್ತೆ ಹೇಳಬೇಕು. ಇದರಲ್ಲೂ ಒಂದು ಅಪಾಯವಿದೆ ಎಂಬುದನ್ನು ಮುಚ್ಚಿಡಲಾರೆ. ತಿಳಿದ ಮೇಲೆ ಕೆಲವರು ಮಗುವಿನಿಂದ ಏನನ್ನೂ ನಿರೀಕ್ಷಿಸುವುದಿಲ್ಲ, ಏನನ್ನೂ ಕೇಳುವುದಿಲ್ಲ. ಗದರಿಕೆಗಿಂತ ಅದು ಮೆದುವಾದದ್ದು, ಆದರೆ ಅದೂ ಒಂದು ಬಗೆಯ ಕೈಬಿಡುವಿಕೆ. ಕಲಿಕೆ ನಿಂತಿಲ್ಲ, ನಿಧಾನವಾಗಿದೆ ಎಂಬ ಸಂಶೋಧಕರ ಮಾತನ್ನು ನಾವು ಅಕ್ಷರಶಃ ನಂಬಬೇಕಾಗಿದೆ.

ಕಾನೂನು ಸ್ವಲ್ಪ ಮಟ್ಟಿಗೆ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ, ದೀರ್ಘಕಾಲದ ನರಸಂಬಂಧಿ ತೊಂದರೆಗಳೂ ಅದರಲ್ಲಿ ಸೇರಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಗಳಿಗೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತು. ಆದರೆ ಹೆಚ್ಚಿನ ಸವಲತ್ತುಗಳಿಗೆ ಶೇಕಡಾ 40ರಷ್ಟು ನ್ಯೂನತೆ ಇದೆಯೆಂಬ ಪ್ರಮಾಣಪತ್ರ ಬೇಕು. ಶೇಕಡಾ 40 ಮುಟ್ಟದ, ನೋಡಿದರೆ ಎಲ್ಲರಂತೆಯೇ ಕಾಣುವ ಮಗು ಎರಡು ಬೆಂಚುಗಳ ನಡುವೆ ಬಿದ್ದುಹೋಗುತ್ತದೆ. ಅಲ್ಲಿ ಕಾಯ್ದೆಗಿಂತ ಶಿಕ್ಷಕರ ಮನಸ್ಸು ಮುಖ್ಯವಾಗುತ್ತದೆ. ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ಬೋರ್ಡಿನಿಂದ ನಕಲು ಮಾಡುವ ಶಿಕ್ಷೆಯಿಂದ ಬಿಡುಗಡೆ, ವರ್ಷಕ್ಕೊಮ್ಮೆ ಕಿವಿಯ ತಪಾಸಣೆ. ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ.

ನನ್ನ ತರಗತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆ. ಮುಂದಿನ ವಾರ ಕೇಳುವ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಈ ವಾರವೇ ಅವನಿಗೆ ಕೊಡತೊಡಗಿದೆ. "ಅವನಿಗೆ ಮಾತ್ರ ಯಾಕೆ?" ಎಂದು ಉಳಿದ ಮಕ್ಕಳು ಜಗಳ ತೆಗೆದರು. ನ್ಯಾಯವಾದ ಜಗಳವೇ. ಎಲ್ಲರಿಗೂ ಕೊಟ್ಟೆ. ಬೇಗ ಹೇಳುವವರ ಉತ್ತರಗಳೂ ಮೊದಲಿಗಿಂತ ಚೆನ್ನಾಗಿವೆ ಎಂಬುದನ್ನು ಕಂಡು ಸ್ವಲ್ಪ ನಾಚಿಕೆಯೂ ಆಯಿತು.

ಒಂದು ಕೆಲಸ ಬಾಕಿಯಿತ್ತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಅವನನ್ನು ನಿಲ್ಲಿಸಿಕೊಂಡು, ಆವತ್ತು ಎಲ್ಲರೆದುರಿಗೆ ಹಾಗೆ ಅಂದದ್ದು ತಪ್ಪಾಯಿತು, ನನ್ನನ್ನು ಕ್ಷಮಿಸು ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಏನೂ ಹೇಳಲಿಲ್ಲ. ಗೇಟಿನ ಬಳಿಯಿಂದ ತಾಯಿ ಕರೆದರು, ಹೋದ. ಮರೆತಿದ್ದಾನೋ, ಕೋಪವಿದೆಯೋ ತಿಳಿಯದೆ ನಾನು ವಾರವಿಡೀ ಒದ್ದಾಡಿದೆ. ಮುಂದಿನ ಭಾನುವಾರ ತರಗತಿ ಮುಗಿದು ಮಕ್ಕಳೆಲ್ಲ ಓಡಿಹೋದ ಮೇಲೆ ಅವನು ಮೇಜಿನ ಬಳಿ ಬಂದು, "ಸರ್, ಪರವಾಗಿಲ್ಲ" ಎಂದ. ಯಾವುದಕ್ಕೆ ಹೇಳುತ್ತಿದ್ದಾನೆಂದು ಅರ್ಥಮಾಡಿಕೊಳ್ಳಲು ನನಗೆ ಕೊಂಚ ಹೊತ್ತು ಹಿಡಿಯಿತು.